ಪರದೆಗೆ ಬಣ್ಣ ಹಚ್ಚುವ ನಾಹಿದಾ

ಬೆಳಗಿನ ಆರೂಕಾಲು. ತೊಗರ್ಸಿಯ ನೀರು ಬಳಕೆದಾರರ ಸಂಘದ ಕೋಣೆಯಲ್ಲಿ ರಾಜೇಶ್ವರಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಅದನ್ನು ಸರಿಮಾಡಿದ್ದು ಹೇಗಿದೆ ಎಂದು ನೋಡಲು ಶಿಕಾರಿಪುರದಿಂದ ಮೊದಲ ಬಸ್ಸಿಗೇ ಬಂದ ನಾಹಿದಾ ಮಾತ್ರ ಬಾಗಿಲಾಚೆ ನಿಂತು, ಕಣ್ಣು ಕಿರಿದು ಮಾಡಿ ಪರದೆ ನೋಡುತ್ತಿದ್ದಾರೆ.

‘ಅಲ್ಲಿಂದ ಏನ್ ಕಾಣ್ತೈತೆ ತಾಯಿ?’

‘ತಡೀರಿ ಅಮ್ಮಾ. ನಮ್ಮಪ್ಪ ಬೋರ್ಡ್ ಬರೆದ ಮೇಲೆ ಹಿಂಗೇ ದೂರ ನಿಂತು ನೋಡ್ತಿದ್ರು.’

ಅಪ್ಪ ಸಿಕಂದರ್ ಶಿಕಾರಿಪುರದ ಅಂಗಡಿಗಳಿಗೆ ಇಪ್ಪತ್ತೇಳು ವರ್ಷ ಬೋರ್ಡ್ ಬರೆದವರು. ಫ್ಲೆಕ್ಸ್ ಬಂತು, ಕುಂಚಗಳು ಒಣಗಿದವು. ಮಗಳು ಸೊರಬದ ಕಂಪ್ಯೂಟರ್ ಅಂಗಡಿಯೊಂದರಲ್ಲಿ, ಗುಜರಿಗೆ ಹೋಗಬೇಕಿದ್ದ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕುವುದನ್ನು ಕಲಿತರು. ಮೂವತ್ಮೂರರ ನಾಹಿದಾ ಈಗ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹನ್ನೊಂದು ಕಚೇರಿ ಸುತ್ತುತ್ತಾರೆ. ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ಬಹುತೇಕರು ಬಂದ ಹಾಗೇ ಬಿಟ್ಟುಬಿಡುತ್ತಾರೆ. ಇವರಿಗೆ ಹಾಗೆ ಬಿಡಲು ಮನಸ್ಸೇ ಬರುವುದಿಲ್ಲ.

ಅಂಬ್ಲಿಗೊಳ ಜಲಾಶಯದ ಕಾಲುವೆ ನೀರು ಇವತ್ತು ಯಾರ ಗದ್ದೆಗೆ ಎಂಬ ಸರದಿ ಪಟ್ಟಿ ಏಳು ಗಂಟೆಯೊಳಗೆ ಸಂಘದ ಬಾಗಿಲಿಗೆ ಅಂಟಬೇಕು. ಹತ್ತೊಂಬತ್ತು ವರ್ಷದಿಂದ ಅದು ರಾಜೇಶ್ವರಮ್ಮನ ಕೆಲಸ. ಕಣ್ಣಿನ ಆಪರೇಷನ್ ಆದ ಮೇಲೆ ಆ ಕಿಟಕಿಯ ಕಪ್ಪಿನ ಮೇಲಿನ ಸಣ್ಣ ಬಿಳಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕಾಣತೊಡಗಿದವು. ಎರಡು ಸಲ ಸರದಿ ತಪ್ಪಿ, ಗದ್ದೆ ಬದುವಿನಲ್ಲಿ ಜಗಳವೇ ಆಯಿತು. ತಿಂಗಳ ಕೊನೆಗೆ ಸರಿಹೋಗದಿದ್ದರೆ ಬೇರೆಯವರನ್ನು ಹಾಕುತ್ತೇವೆ ಎಂದಿತು ಸಂಘ.

ನಾಹಿದಾ ಮೊದಲು ಎಡವಿದ್ದು ಅಪ್ಪನ ಬಣ್ಣದಲ್ಲೇ. ಅಪ್ಪನ ಬೋರ್ಡುಗಳಂತೆಯೇ ಕೆಂಪಿನ ಮೇಲೆ ಹಳದಿ ಅಕ್ಷರ ಕೂರಿಸಿ ಹೋದರು. ಎರಡೇ ದಿನಕ್ಕೆ ರಾಜೇಶ್ವರಮ್ಮನಿಗೆ ತಲೆನೋವು, ಕಣ್ಣಲ್ಲಿ ನೀರು. ‘ಬೋರ್ಡನ್ನ ಹೋಗ್ತಾ ಒಂದ್ಸಲ ನೋಡ್ತಾರ್ರೀ. ಇದನ್ನ ದಿನಾ ನೋಡ್ತಾ ಕೂರ್ಬೇಕು. ಅದು ನನ್ ತಲೆಗೇ ಹೋಗ್ಲಿಲ್ಲ,’ ಎನ್ನುತ್ತಾರೆ ನಾಹಿದಾ, ಮುಚ್ಚುಮರೆಯಿಲ್ಲದೆ.

ಆಮೇಲೆ ಅಪ್ಪ ಮಗಳು ಕೂತು ಆರು ರಟ್ಟುಗಳಿಗೆ ಆರು ಬಣ್ಣ ಬಳಿದು, ಅಕ್ಷರ ಬರೆದರು. ರಾಜೇಶ್ವರಮ್ಮ ದಿನಕ್ಕೊಂದನ್ನು ಮುಂದಿಟ್ಟುಕೊಂಡು ನೋಡಿ ಆರಿಸಿದ್ದು ಕೆನೆಬಣ್ಣದ ಮೇಲೆ ಕಡುನೀಲಿ. ಪರದೆಗೆ ಅದೇ ಬಂತು. ಅಕ್ಷರದ ಅಳತೆ ಹನ್ನೆರಡರಿಂದ ಇಪ್ಪತ್ತಕ್ಕೆ ಏರಿತು. ಮಾರುದ್ದದ ಆಜ್ಞೆಯ ಬದಲು ‘ನೀರು’ ಎಂದಷ್ಟೇ ಟೈಪ್ ಮಾಡಿದರೆ ಪಟ್ಟಿ ತೆರೆಯುತ್ತದೆ. ಕೆಂಪು ಉಳಿದಿರುವುದು ಒಂದೇ ಕಡೆ: ಏನನ್ನಾದರೂ ಅಳಿಸಲು ಹೊರಟರೆ, ‘ಖಂಡಿತವೇ?’ ಎಂದು ಕೇಳುವಲ್ಲಿ.

ಇವತ್ತು ತಿಂಗಳ ಕೊನೆ. ಸಂಘದ ಅಧ್ಯಕ್ಷ ಹುಚ್ಚರಾಯಪ್ಪ ರಿಜಿಸ್ಟರ್ ಹಿಡಿದು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ರಾಜೇಶ್ವರಮ್ಮ ಪರದೆ ನೋಡಿ ನಲವತ್ತೆರಡು ಹೆಸರು ಓದುತ್ತಾರೆ. ಬಾಗಿಲಲ್ಲಿ ನಿಂತ ನಾಹಿದಾ ದುಪಟ್ಟಾದ ತುದಿ ಹಿಂಡುತ್ತಿದ್ದಾರೆ. ರಿಜಿಸ್ಟರಿಗೆ ತಾಳೆ ಹಾಕಿದರೆ ಒಂದೂ ತಪ್ಪಿಲ್ಲ.

‘ಆತು ಬಿಡ್ರೀ. ನಾಳೆನೂ ನೀವೇ ಬರ್ರಿ,’ ಎಂದು ಅಧ್ಯಕ್ಷರು ರಿಜಿಸ್ಟರ್ ಮುಚ್ಚುತ್ತಾರೆ. ಏಳಕ್ಕೆ ಐದು ನಿಮಿಷವಿರುವಾಗ ಪಟ್ಟಿ ಬಾಗಿಲಿಗೆ ಅಂಟುತ್ತದೆ.

ರಾಜೇಶ್ವರಮ್ಮ ಕಣ್ಣೊರೆಸಿಕೊಂಡು ಕೇಳುತ್ತಾರೆ: ‘ನಿಮ್ಮಪ್ಪ ಬೋರ್ಡಿನ ಮೂಲೇಲಿ ಹೆಸ್ರು ಹಾಕ್ತಿದ್ರು. ನೀನು ಎಲ್ಲೂ ಹಾಕಿಲ್ಲಲ್ಲ?’

ನಾಹಿದಾ ರಟ್ಟುಗಳನ್ನು ಚೀಲಕ್ಕೆ ಸೇರಿಸುತ್ತಾರೆ. ‘ಅಕ್ಷರ ದೊಡ್ಡದು ಮಾಡಿದ್ಮೇಲೆ ಪರದೇಲಿ ಜಾಗ ಎಲ್ಲೈತಮ್ಮಾ? ಆ ಸಾಲಲ್ಲಿ ಇನ್ನೊಬ್ರು ರೈತರ ಹೆಸ್ರು ಬರ್ಲಿ ಬಿಡ್ರಿ.’