ಉಳದ ಮೂಲೆ

ನ್ಯೂಜಿಲೆಂಡಿನ ಪುಕೆಕೊಹೆಯ ಗುಡ್ಡ ಹತ್ತಿದರೆ ಒಂದು ಕಡೆ ವೈಕಾಟೊ ನದಿ, ಇನ್ನೊಂದು ಕಡೆ ಮನುಕಾವ್ ಕೊಲ್ಲಿ ಕಾಣುತ್ತದೆ. ನಡುವೆ ಈರುಳ್ಳಿ, ಆಲೂಗಡ್ಡೆಯ ಹೊಲಗಳು. ಗುಡ್ಡ ಒಂದು ಕಾಲಕ್ಕೆ ಜ್ವಾಲಾಮುಖಿಯಾಗಿತ್ತು. ಮಣ್ಣಿನ ಕೆಂಪು ಅದರದು. ಇಷ್ಟನ್ನು ಯಾರು ಬೇಕಾದರೂ ಹೋಗಿ ನೋಡಿ ಬರಬಹುದು. ಮುಂದಿನದಕ್ಕೆ ನನ್ನ ನೆನಪು ಮಾತ್ರ ಇದೆ, ಅದನ್ನು ನನ್ನ ಹೆಂಡತಿ ಪೂರ್ತಿ ಒಪ್ಪುವುದಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳು. ನಾನು ಅಲ್ಲಿ ತರಕಾರಿ ಪ್ಯಾಕ್ ಮಾಡುವ ಶೆಡ್ಡೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್. ನಮ್ಮ ಮೊದಲ ಮಗು, ಹೆಣ್ಣು, ಹುಟ್ಟಿದ ಮರುದಿನ ತೀರಿಕೊಂಡಿತು. ಎಳೆಯ ಮಗುವನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಹೇಳಿದಳು:

"ಗುರುತು ಗಿರುತು ಏನೂ ಇಡಬೇಡಿ ಕಣೋ. ಮಣ್ಣು ಮಾಡಿ ಬಂದ್ಬಿಡಿ, ತಿರುಗಿ ನೋಡಬಾರದು. ಗುರುತಿಟ್ರೆ ಅದು ಅಲ್ಲೇ ನಿಂತ್ಬಿಡತ್ತೆ. ಮತ್ತೆ ನಿಮ್ಮ ಹತ್ರ ಬರೋದು ಹೇಗೆ?"

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. "ಬೇರೆ ಮಗು ಬರಬಹುದು ರೀ. ಇವಳು ಎಲ್ಲಿದಾಳೆ ಅಂತ ನಂಗೆ ಗೊತ್ತಿರಬೇಕು," ಎಂದಳು. ನಾನು ಇಬ್ಬರಿಗೂ ಹೂಂ ಎಂದೆ.

ಸಂಜೆ ಪಕ್ಕದ ಹೊಲದ ಗುಜರಾತಿ ಅಂಕಲ್ ಊಟ ತಂದರು. ಅವರ ಅಪ್ಪ ಅಮ್ಮ ನಮಗಿಂತ ಎಷ್ಟೋ ಮೊದಲೇ ಬಂದು ಇಲ್ಲಿ ಈರುಳ್ಳಿ ಬೆಳೆದವರು. ಮಳೆ ಬರುತ್ತಿತ್ತು. ಹೆಂಡತಿಯ ಪ್ರಕಾರ ಬಿಸಿಲಿತ್ತು, ಅಂಕಲ್ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಹಾಗಿದ್ದರೆ ಮಳೆಯನ್ನು ಹೊಡೆದುಹಾಕುತ್ತೇನೆ. ಅವರು ಮಾತಾಡಿದ್ದು ಹಿಂದಿ, ಇಂಗ್ಲಿಷ್ ಬೆರೆಸಿ. ಈ ಕನ್ನಡ ನನ್ನದು.

"ನನಗಿಂತ ಮೊದಲು ಒಬ್ಬ ಹುಟ್ಟಿದ್ದ, ಬೇಟಾ. ಆ ಹೊಲದ ಮೂಲೇಲೇ ಹೂತರಂತೆ. ಕಲ್ಲಿಲ್ಲ, ಏನಿಲ್ಲ. ಆದ್ರೆ ಅಪ್ಪ ಆ ಮೂಲೆ ಉಳ್ತಾ ಇರಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ. ಸೋಮಾರಿ ಮುದುಕ ಅಂತ ನಾನು ರೇಗಿಸ್ತಿದ್ದೆ."

"ಆಮೇಲೆ?" ಹೆಂಡತಿ ಕೇಳಿದಳು.

"ಅಪ್ಪ ಹೋದಮೇಲೆ ಹೊಲ ಗುತ್ತಿಗೆಗೆ ಕೊಟ್ಟೆ. ಅವರು ಟ್ರ್ಯಾಕ್ಟರ್ ತಂದು ಬೇಲಿವರೆಗೂ ಉತ್ತರು. ಅಮ್ಮ ಬಾಯಿ ಬಿಟ್ಟಿದ್ದು ಆಗ."

"ಈಗ ಆ ಜಾಗ ಎಲ್ಲಿ ಬರತ್ತೆ?"

ಅಂಕಲ್ ಕೈ ಎತ್ತಿದರು. ಬೆರಳು ಆ ಕಡೆ ಈ ಕಡೆ ಸರಿಯಿತು, ಯಾವ ಜಾಗದಲ್ಲೂ ನಿಲ್ಲಲಿಲ್ಲ. ಈರುಳ್ಳಿಯ ಸಾಲುಗಳು ಬೇಲಿಯವರೆಗೂ ಒಂದೇ ಸಮ ಹಸಿರಾಗಿದ್ದವು.

ಉಳುವಾಗ ಸಿಕ್ಕ ಕರಿಕಲ್ಲುಗಳನ್ನು ಅಲ್ಲಿ ಬೇಲಿಯ ಬುಡಕ್ಕೆ ಹಾಕುತ್ತಾರೆ. ಅದರಲ್ಲೊಂದನ್ನು ಕೊಡುವಿರಾ ಎಂದು ಹೆಂಡತಿ ಕೇಳಿದಳು. ನನ್ನ ಕಡೆ ನೋಡಲಿಲ್ಲ.

ಮರುದಿನ ಊರಿನ ಸ್ಮಶಾನದಲ್ಲಿ ಮಣ್ಣು ಮುಚ್ಚಿದ ಮೇಲೆ ಅಂಕಲ್ ತಮ್ಮ ಯೂಟ್ ಎನ್ನುವ ಪಿಕಪ್ ಗಾಡಿಯಿಂದ ಕಲ್ಲು ಇಳಿಸಿದರು. ಅದರ ಮೇಲೆ ಹೆಸರಿಲ್ಲ. ಮಗುವಿಗೂ ಇನ್ನೂ ಇಟ್ಟಿರಲಿಲ್ಲ. ಕಲ್ಲಿಗೆ ನಾನು ಕೈ ಕೊಟ್ಟೆನೋ, ನೋಡುತ್ತ ನಿಂತಿದ್ದೆನೋ ಗೊತ್ತಿಲ್ಲ. ಕೈ ಕೊಟ್ಟೆ ಎಂದು ಬರೆಯುವ ಆಸೆಯಾಗುತ್ತದೆ. ಹಿಂದಿರುಗುವಾಗ ಹೆಂಡತಿ ತಿರುಗಿ ನೋಡಿದಳು. ತುಂಬ ಹೊತ್ತು ನೋಡಿದಳು.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ಗುರುತು ಇಟ್ಟಿಲ್ಲ ತಾನೇ?" ಎಂದಳು. ಇಲ್ಲ ಎನ್ನುವುದು ಬಾಯಿಯವರೆಗೆ ಬಂದಿತ್ತು. ಹೆಂಡತಿ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು ನನಗೂ ಕೇಳುವ ಹಾಗೆ ಹಿಡಿದಳು.

"ಒಂದು ಕಲ್ಲಿಟ್ಟಿದೀವಿ ಅತ್ತೆ."

ಕಾಲಿಂಗ್ ಕಾರ್ಡಿನ ನಿಮಿಷಗಳು ಸುಮ್ಮನೆ ಹೋಗುತ್ತಿದ್ದವು.

"ಅಲ್ಲಿ ಬಿಸಿಲು ಬೀಳತ್ತಾ?" ಅಮ್ಮ ಕೇಳಿದಳು.

"ಬೀಳತ್ತೆ. ಇಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬರೋದು ಅತ್ತೆ."

"ಉತ್ತರದಿಂದಲಾ. ಮರ ಗಿರ ಅಡ್ಡ ಇಲ್ಲ ತಾನೇ?"