ಆರು ನಿಮಿಷ ಬಾಕಿ ಇದ್ದಾಗ

ಮೈದಾನದ ಅಂಚಿನಲ್ಲಿ ಮೂವರು ಹುಡುಗರು ಆಳೆತ್ತರದ ಬೋರ್ಡುಗಳನ್ನು ಎತ್ತಿ ಹಿಡಿದಿದ್ದರು. ಒಂದರಲ್ಲಿ ಹಸು, ಒಂದರಲ್ಲಿ ಕಾವಲಿ, ಇನ್ನೊಂದರಲ್ಲಿ ಕೊಡೆ. ಅದನ್ನು ನೋಡಿದ್ದೇ ತಡ, ಹೆಲ್ಮೆಟ್ ತೊಟ್ಟ ಹನ್ನೊಂದು ಜನ ದಡಬಡಿಸಿ ಸಾಲಾಗಿ ನಿಂತು ಎದುರಿನವರ ಮೇಲೆ ಬಿದ್ದರು. ಮಂಡ್ಯದಲ್ಲಿ ಹನ್ನೆರಡು ವರ್ಷ ಹೈಸ್ಕೂಲ್ ಹುಡುಗಿಯರಿಗೆ ಕಬಡ್ಡಿ ಕಲಿಸಿದ ನನಗೆ ಇದೇನು ಆಟವೋ ಸರ್ಕಸ್ಸೋ ಎನ್ನಿಸಿತು. ಕಾಲಿನಿಂದ ಒದೆಯುವುದೇ ಅಪರೂಪ, ಹೆಸರು ಮಾತ್ರ ಫುಟ್‌ಬಾಲ್!

ನನ್ನ ಗಂಡನ ಕೆಲಸದ ಹಿಂದೆ ನಾವು ಅಮೆರಿಕದ ಜಾನ್ಸ್ ಕ್ರೀಕ್‌ಗೆ ಬಂದದ್ದು 2022ರಲ್ಲಿ. ಇಲ್ಲಿ ಸೋನಾ ಮಸೂರಿ ಸಿಗುತ್ತದೆ, ಪಕ್ಕದ ಮನೆಯ ಆಂಟಿ ಮೈಸೂರಿನವರು, ಹಬ್ಬಕ್ಕೆ ಒಬ್ಬಟ್ಟು ಮನೆ ಬಾಗಿಲಿಗೇ ಬರುತ್ತದೆ. ಹೊಟ್ಟೆಗೇನೂ ಕೊರತೆಯಿಲ್ಲ. ಆದರೆ ಊರಿನಲ್ಲಿ ನನ್ನ ಕೊರಳಲ್ಲಿ ವಿಷಲ್ ಇತ್ತು, ನಾನು ಊದಿದರೆ ಇನ್ನೂರು ಮಕ್ಕಳು ನಿಲ್ಲುತ್ತಿದ್ದರು. ಇಲ್ಲಿ ಯಾರ ಮನೆಗೆ ಹೋದರೂ "ಹಸ್ಬೆಂಡ್ ಎಲ್ಲಿ ವರ್ಕ್ ಮಾಡ್ತಾರೆ?" ಎಂಬ ಒಂದೇ ಪ್ರಶ್ನೆ. ನಾನು ಏನಾಗಿದ್ದೆ ಎಂದು ಎರಡು ವರ್ಷ ಯಾರೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಸಿಟ್ಟಿತ್ತು, ಈಗಲೂ ಇದೆ.

ಕೊನೆಗೂ ಕೆಲಸ ಮಾಡುವ ಪರವಾನಗಿ ಬಂತು. ನಲವತ್ತು ನಿಮಿಷ ದೂರದ ಒಂದು ಸಣ್ಣ ಕಾಲೇಜಿನಲ್ಲಿ, ಇದೇ ಆಟದ ಪಂದ್ಯ ನಡೆಯುವಾಗ ಪ್ರತಿ ನಡೆಯನ್ನೂ ಟಿಪ್ಪಣಿ ಮಾಡುವ ಕೆಲಸ ಸಿಕ್ಕಿತು. ಒಂದು ಸೀಸನ್ ಮಟ್ಟಿಗೆ ತಾತ್ಕಾಲಿಕ, ಆಮೇಲೆ ಖಾಯಂ ಮಾಡುವುದು ಬಿಡುವುದು ದಾಳಿ ಆಟ ನೋಡಿಕೊಳ್ಳುವ ಕೋಚ್ ಟ್ರಾವಿಸ್ ಕೈಯಲ್ಲಿ. ಆ ಖಾಯಂ ಪತ್ರಕ್ಕಾಗಿ ನಾನು ಬೆಳಿಗ್ಗೆ ಐದಕ್ಕೆದ್ದು ಹಳೆಯ ಪಂದ್ಯಗಳನ್ನು ನೋಡುತ್ತಿದ್ದೆ.

ಆಟ ಅಷ್ಟೇನೂ ಕಷ್ಟದ್ದಲ್ಲ. ಚೆಂಡು ನಮ್ಮದಾದಾಗ ದಾಳಿಗೆ ಹನ್ನೊಂದು ಜನ, ಎದುರಾಳಿಯದಾದಾಗ ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಹೋದರೆ ಮತ್ತೆ ನಾಲ್ಕು. ಸಾಮಾನ್ಯವಾಗಿ ಪ್ರತಿ ಅವಕಾಶದ ನಡುವೆ ಆಟಗಾರರು ಗುಂಪುಗೂಡಿ ಗುಸುಗುಸು ಮಾತಾಡುತ್ತಾರೆ, ಅದಕ್ಕೆ ಹಡಲ್ ಎಂದು ಹೆಸರು. ಅದನ್ನು ಬಿಟ್ಟು ಬೋರ್ಡಿನ ಮೇಲಿನ ಗುಟ್ಟಿನ ಚಿತ್ರ ನೋಡಿ ಸೀದಾ ಆಡುವುದು ಟೆಂಪೋ. ಎದುರಾಳಿಗೆ ಆಗ ಆಟಗಾರರನ್ನು ಬದಲಿಸಲು, ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲ. ಆದರೆ ನಾವು ಬೇಗ ಸೋತು ಚೆಂಡು ಬಿಟ್ಟುಕೊಟ್ಟರೆ, ಆಗಷ್ಟೇ ಬೆಂಚಿನ ಮೇಲೆ ಕೂತ ನಮ್ಮ ರಕ್ಷಣೆಯ ಹುಡುಗರು ಮತ್ತೆ ಎದ್ದು ಹೋಗಬೇಕು. ಕಬಡ್ಡಿಯಲ್ಲೂ ಹೀಗೇ ಅಲ್ಲವೇ? ಮುಂದಿರುವಾಗ ಸುಮ್ಮನೆ ಹೋಗಿ, ಹೊತ್ತು ಕಳೆದು, ಖಾಲಿ ಕೈಯಲ್ಲಿ ಬಂದರೂ ಗೆದ್ದ ಹಾಗೆಯೇ.

ನನ್ನ ಟಿಪ್ಪಣಿಯಲ್ಲಿ 'ಸೊಂಟದ ಮೇಲೆ ಕೈ' ಎಂದು ಒಂದು ಸಾಲಿತ್ತು. ದಣಿದು ಎಷ್ಟು ಜನ ಹಾಗೆ ನಿಂತಿದ್ದಾರೆ ಎಂದು ಎಣಿಸುತ್ತಿದ್ದೆ. ಟ್ರಾವಿಸ್ ಮೊದಲು ನಕ್ಕ, ಮೂರನೇ ವಾರದಿಂದ ಅದನ್ನೇ ಮೊದಲು ಕೇಳತೊಡಗಿದ. ಮೊದಲ ಸಲ ಹಾಗೆ ಕೇಳಿದ ದಿನ ಮನೆಗೆ ಬಂದು ನಾನು ಪಾಯಸ ಮಾಡಿದ್ದೆ.

ಅಕ್ಟೋಬರಿನ ಒಂದು ಶನಿವಾರ. ಗ್ಯಾಲರಿಯ ಮೇಲಿನ ಗಾಜಿನ ಕೋಣೆಯಲ್ಲಿ ಟ್ರಾವಿಸ್ ಪಕ್ಕ ಕೂತಿದ್ದೆ. ಮೊದಲರ್ಧ ನಮ್ಮ ವೇಗಕ್ಕೆ ಎದುರಾಳಿಯ ದಢೂತಿ ಹುಡುಗರು ಮೊಣಕಾಲು ಹಿಡಿದು ಬಗ್ಗಿಬಿಟ್ಟಿದ್ದರು. ಆಮೇಲೆ ಅವರು ಸುಧಾರಿಸಿಕೊಂಡರು, ದಣಿದದ್ದು ನಾವು. ಆರು ನಿಮಿಷ ಬಾಕಿ, ನಮಗೆ ನಾಲ್ಕು ಅಂಕದ ಮುನ್ನಡೆ, ಚೆಂಡು ನಮ್ಮದೇ. ರಕ್ಷಣೆಯ ಏಳು ಹುಡುಗರು ಬೆಂಚಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಟೆಂಪೋನೇ ಮುಂದುವರಿಸೋಣ, ಇಲ್ಲೇ ಮುಗಿಸಿಬಿಡೋಣ," ಎಂದ ಟ್ರಾವಿಸ್.

ಬೇಡ, ನಿಧಾನಿಸು, ಗಡಿಯಾರ ಓಡಲಿ ಎಂದು ಕೂಗಬೇಕಿತ್ತು. ನಾನು ಅಂದದ್ದು ಇಷ್ಟು: "ನಮ್ಮ ಹುಡುಗರು ಸ್ವಲ್ಪ ದಣಿದ ಹಾಗಿದೆ ಸರ್. ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ."

ನಮ್ಮ ಸ್ಕೂಲಿನಲ್ಲಿ ಹೆಡ್‌ಮಾಸ್ಟರಿಗೆ ಹೀಗೆ ಅಂದಿದ್ದರೆ ಅವರು ತಕ್ಷಣ ಕನ್ನಡಕ ತೆಗೆದು, "ಯಾಕವ್ವಾ, ಏನು ತೊಂದ್ರೆ?" ಎನ್ನುತ್ತಿದ್ದರು. ದೊಡ್ಡವರ ಮುಖಕ್ಕೆ ಬೇಡ ಎನ್ನದೆ ಬೇಡ ಎನ್ನುವ ರೀತಿ ಅದು. ಟ್ರಾವಿಸ್ "ಥ್ಯಾಂಕ್ಸ್" ಎಂದು ಹಸು, ಕಾವಲಿ, ಕೊಡೆ ಎತ್ತಿಸಿದ.

ಮೂರು ಸಲ ಎಸೆದರು, ಮೂರೂ ಸಲ ಚೆಂಡು ನೆಲಕ್ಕೆ. ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಅರ್ಧ ನಿಮಿಷವೂ ಕಳೆಯಲಿಲ್ಲ, ನಾಲ್ಕನೆಯದರಲ್ಲಿ ಚೆಂಡನ್ನು ಒದ್ದು ಬಿಟ್ಟುಕೊಟ್ಟರು. ಆ ಏಳು ಹುಡುಗರು ಕಾಲೆಳೆದುಕೊಂಡು ಮತ್ತೆ ಮೈದಾನಕ್ಕೆ ಹೋದರು. ಎದುರಾಳಿ ಅವರನ್ನು ಒಂದೊಂದೇ ಗಜ ಹಿಂದೆ ತಳ್ಳಿ, ಕೊನೆಯ ನಿಮಿಷದಲ್ಲಿ ಗೆರೆ ದಾಟಿ, ಮೇಲೊಂದು ಒದೆತವೂ ಸೇರಿ ಏಳು ಅಂಕ ಪಡೆಯಿತು. ಮೂರು ಅಂಕದಿಂದ ಸೋತೆವು.

ಸೋಮವಾರ ಟ್ರಾವಿಸ್ ನನ್ನ ಹಾಳೆ ಮುಂದಿಟ್ಟ. "ಏಳು ಅಂತ ಬರೆದಿದ್ದೀರಿ. ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ," ಎಂದೆ.

"ಇಲ್ಲ ಭಾರತಿ, ನೀವು ಒಪ್ಪಿದಿರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಸೀಸನ್ ಮುಗಿದಾಗ ಖಾಯಂ ಕೆಲಸ ಬೇರೆಯವರಿಗೆ ಹೋಯಿತು. ನನಗೆ ಮತ್ತೆ ಒಂದು ಸೀಸನ್, ತಾತ್ಕಾಲಿಕ. ಮಗಳು ಅನಘಾ, "ಅಮ್ಮಾ, ಜಸ್ಟ್ ಸೇ ನೋ. ಇಟ್ಸ್ ನಾಟ್ ರೂಡ್," ಎಂದಳು. ಆ ಚಳಿಗಾಲವೆಲ್ಲ ಹಠ ಹಿಡಿದು ಅದನ್ನೇ ಕಲಿತೆ. ಬ್ಯಾಂಕಿನಲ್ಲಿ, ಅಪಾರ್ಟ್‌ಮೆಂಟ್ ಆಫೀಸಿನಲ್ಲಿ, ಫೋನಿನಲ್ಲಿ ನೋ ಎಂದೆ. ಹಿತವಾಗಿಯೇ ಇತ್ತು.

ಮೊನ್ನೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮಂಡ್ಯದಿಂದ ನನ್ನ ಹಳೆಯ ಹೆಡ್‌ಮಾಸ್ಟರ್ ಶಿವಣ್ಣ ಮೇಷ್ಟ್ರ ಫೋನ್. ನನ್ನನ್ನು ಆ ಸ್ಕೂಲಿಗೆ ಸೇರಿಸಿಕೊಂಡವರು ಅವರೇ.

"ಏನವ್ವಾ ಭಾರತಿ, ಚೆನ್ನಾಗಿದ್ದೀಯಾ? ತಾಲ್ಲೂಕು ಕಬಡ್ಡಿ ಪಂದ್ಯಕ್ಕೆ ಹುಡುಗೀರು ರೆಡಿ. ಲತಾ ಅಂತ ಒಬ್ಳು ಒಳ್ಳೆ ರೈಡರ್ ಇದ್ದಾಳೆ, ಮೊದಲ ಹತ್ತು ನಿಮಿಷ ಅವಳನ್ನೇ ಬಿಡದೆ ಕಳ್ಸಿ ಮುಗಿಸಿಬಿಡೋಣ ಅಂತಿದೀನಿ."

"ಬೇಡ ಮೇಷ್ಟ್ರೇ," ಎಂದೆ. "ಅದು ತಪ್ಪು. ಅವಳು ಸುಸ್ತಾಗ್ತಾಳೆ, ನೀವು ಸೋಲ್ತೀರಿ."

ಆ ಕಡೆ ಸ್ಕೂಲಿನ ಹಿಂದಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು.

"ಸರಿ ಮೇಡಂ," ಎಂದರು ಕೊನೆಗೆ. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಒಮ್ಮೆಯೂ ಮೇಡಂ ಎಂದವರಲ್ಲ. "ನಿಮಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ."

"ಯಾಕೆ ಮೇಷ್ಟ್ರೇ, ಬೇಜಾರಾಯ್ತಾ?" ಎಂದು ನಾನು ಕೇಳುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.