ಗುರಪ್ಪ ಕಾಕಾರ ಎದುರು ಪಕ್ಷ

ಗುರಪ್ಪ ಕಾಕಾ ಯಾವುದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡದೆ ನಂಬುತ್ತಿರಲಿಲ್ಲ. ಇಂಡಿಯಲ್ಲಿ ಅವರು ಲಿಂಬೆಹಣ್ಣಿನ ದಲಾಲರು. ಹಣ್ಣನ್ನು ಒಮ್ಮೆ ಒತ್ತಿದರೆ ಅದರ ರಸ, ವಯಸ್ಸು, ಬೆಳೆದವನ ಸ್ವಭಾವ ಎಲ್ಲ ಹೇಳುತ್ತಿದ್ದರು. ಆ ಚಟ ಹಣ್ಣಿಗೆ ನಿಲ್ಲಲಿಲ್ಲ. ತಲೆದಿಂಬು, ಬದನೆಕಾಯಿ, ನೆರೆಮನೆಯ ಕೂಸಿನ ಗಲ್ಲ, ಎಲ್ಲವೂ ಆ ಹೆಬ್ಬೆರಳಿನ ಕೆಳಗೆ ಹಾದುಹೋಗಬೇಕಿತ್ತು. ಅವರ ಮುಂದಿನ ಕೋಣೆಗೆ ನಾನು ಬಾಡಿಗೆಗೆ ಬಂದ ದಿನ ನನ್ನ ತೋಳನ್ನೂ ಒತ್ತಿದರು.

"ಮಾಸ್ತರ, ನೀವು ಭಾಳ ಚಿಂತಿ ಮಾಡ್ತೀರಿ," ಎಂದರು.

ಐವತ್ತು ದಾಟಿದ ಮೇಲೆ ನನ್ನನ್ನು ನೋಡಿದ ಡಾಕ್ಟರುಗಳೆಲ್ಲ ಹೇಳಿದ್ದೂ ಇಷ್ಟೇ, ಫೀ ತೆಗೆದುಕೊಂಡು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮಾಳಿಗೆಯ ತೊಲೆ ಬಿದ್ದರೆ, ಸ್ಟೋವ್ ಸಿಡಿದರೆ, ಹೆಡ್ ಮಾಸ್ತರರು ಕೆಮ್ಮಿದ್ದು ನನ್ನನ್ನು ಉದ್ದೇಶಿಸಿಯೇ ಆಗಿದ್ದರೆ, ಹೀಗೆ ಚಿಂತೆಗಳಿಗೆ ಬರವಿರಲಿಲ್ಲ. ಅದರ ಮೇಲೆ ಮುಂಬೈಯಲ್ಲಿದ್ದ ಅಣ್ಣ ತನ್ನ ಹಳೆಯ ರೆಕಾರ್ಡ್ ಪ್ಲೇಯರನ್ನೂ ಎರಡು ಪ್ಲೇಟುಗಳನ್ನೂ ನನ್ನ ಕೊರಳಿಗೆ ಕಟ್ಟಿದ. ಎರಡೂ ಇಂಗ್ಲೆಂಡಿನ ಒಂದೇ ತಂಡದವು. ನಾಲ್ಕು ಜನ ಉದ್ದಗೂದಲಿನ ಹುಡುಗರು. ಮೊದಲನೆಯದು ಅವರನ್ನು ಯಾರೂ ಕೇಳದ ಕಾಲದ್ದು: ಗಿಟಾರು, ಡ್ರಮ್ಮು, ಯಾರೋ ಕಾಲು ತುಳಿದಂತೆ ಕೂಗುವ ದನಿ. ಎರಡನೆಯದು ಹೆಸರು ಬಂದ ಮೇಲಿನದು. ಅದರಲ್ಲಿ ಪಿಟೀಲುಗಳ ದಂಡು, ಹಿಂದೆ ನಿಂತು ಗುನುಗುವ ಹೆಂಗಸರು, ನಡುನಡುವೆ ಗಂಟೆ.

ಮನೆ ಬಿಡಿಸಿಯಾರೆಂಬ ಹೆದರಿಕೆಯಿಂದ ಪ್ಲೇಯರಿನ ಮೇಲೆ ಕೌದಿ ಹೊದಿಸಿ ಕೇಳುತ್ತಿದ್ದೆ. ಒಂದು ಸಂಜೆ ಕದ ಬಡಿದ ಸಪ್ಪಳವಾಯಿತು. ಕಾಕಾ ಒಳಗೆ ಬಂದು ನನ್ನ ಟ್ರಂಕಿನ ಮೇಲೆ ಕುಳಿತರು.

"ಆ ಕೌದಿ ತಗೀರಿ. ಪಾಪ, ಉಸಿರು ಕಟ್ಟಿ ಒದರಾಕತ್ತಾರ."

ಎರಡೂ ಪ್ಲೇಟುಗಳನ್ನು ಕಣ್ಣು ಮುಚ್ಚಿ ಕೇಳಿದರು. ಹೆಬ್ಬೆರಳು ತೊಡೆಯ ಮೇಲೆ ಯಾವುದೋ ಅದೃಶ್ಯ ಹಣ್ಣನ್ನು ಒತ್ತುತ್ತಿತ್ತು. ಕೊನೆಗೆ ತೀರ್ಪು ಬಂತು. "ಮೊದಲಿಂದು ಹಾಡುವಾಗ ಹುಡುಗ್ರು ಹಸದಾರ. ಆಮ್ಯಾಲಿಂದು ಹಾಡುವಾಗ ಉಂಡಾರ. ಉಂಡವ್ರು ಹಾಡಬಾರದು ಮಾಸ್ತರ, ಮಲಗಬೇಕು."

"ಮಾತು ತಿಳಿತಾವೇನ್ರಿ ಕಾಕಾ?"

"ನಿಮಗರ ತಿಳಿತಾವೇನು?"

ಇಂಗ್ಲಿಷ್ ಮಾಸ್ತರನಾದ ನಾನು ಸೂಜಿಯ ಮೇಲಿನ ಧೂಳು ಒರೆಸತೊಡಗಿದೆ.

ಕಾಕಾ ಪ್ರಾಯದಲ್ಲಿ ಗೀಗೀ ಮೇಳದಲ್ಲಿ ಒಂಟಿ ತಂತಿಯ ತುಂತುಣಿ ಬಾರಿಸಿದವರು. ಆ ಹಾಡಿಕೆಯೆಂದರೆ ಎರಡು ಪಕ್ಷಗಳ ಜಗಳವೇ. ಹರದೇಶಿಯವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು, ಬೆಳಗಾಗುವವರೆಗೆ ಹಾಡಿನಲ್ಲೇ ಪ್ರಶ್ನೆ, ಹಾಡಿನಲ್ಲೇ ಉತ್ತರ. ಮೇಳ ಒಡೆದು ಎಷ್ಟೋ ವರ್ಷವಾಗಿತ್ತು. ಆದರೆ ಪಕ್ಷ ಹಿಡಿಯದೆ ಕಾಕಾರಿಗೆ ನೀರೂ ಇಳಿಯುತ್ತಿರಲಿಲ್ಲ. ಈಗ ಅವರ ಕೈಗೆ ನಾಲ್ಕು ಇಂಗ್ಲಿಷ್ ಹುಡುಗರು ಸಿಕ್ಕರು. ಅಂದಿನಿಂದ ಊರಿನ ವಸ್ತುಗಳೆಲ್ಲ 'ಮೊದಲಿಂದು', 'ಆಮ್ಯಾಲಿಂದು' ಎಂದು ಎರಡಾದವು. ಚಹಾದಂಗಡಿಯ ಭಜಿ, ಪಂಚಾಯತಿಯ ನಲ್ಲಿಯ ನೀರು, ನನ್ನ ಹೆಡ್ ಮಾಸ್ತರರು, ಎಲ್ಲವೂ ಮೊದಲು ಚೆನ್ನಾಗಿದ್ದು ಆಮೇಲೆ ಪೇಟೆಗೆ ಬಿದ್ದು ಕೆಟ್ಟಿದ್ದವು.

"ನಾ ಹೆಂಗ? ಮೊದಲಿನಾಕಿ ಚಲೋನೋ, ಈಗಿನಾಕಿ ಚಲೋನೋ?" ಎಂದು ಒಮ್ಮೆ ಗಂಗವ್ವ ಕಾಕಿ ರೊಟ್ಟಿ ಬಡಿಯುತ್ತ ಕೇಳಿದರು.

ಕಾಕಾ ಬಿಸಿ ರೊಟ್ಟಿಯೊಂದನ್ನು ಒತ್ತಿ ನೋಡಿ, "ನೀ ಇನ್ನೂ ರಿಕಾರ್ಡ ಆಗಿಲ್ಲ," ಎಂದು ಜೀವ ಉಳಿಸಿಕೊಂಡರು.

ತೊಂದರೆಯೆಂದರೆ, ಊರಿನಲ್ಲಿ ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ. ಎದುರಾಡಿದರೆ ವಾದ ಬೆಳೆದು ಸಂಜೆಯ ಊಟ ತಪ್ಪುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಾನಂತೂ ಎರಡೂ ಪಕ್ಷಕ್ಕೆ ತಲೆಯಾಡಿಸಬಲ್ಲವನು.

ಇಂಥದರಲ್ಲಿ ಅವರ ಮಗಳು ಶಾಂತಾಳನ್ನು ನೋಡಲು ಸಿಂದಗಿಯ ಬಸವರಾಜ ಬಂದ. ಬಸವನ ಬಾಗೇವಾಡಿಯಲ್ಲಿ ಗುಮಾಸ್ತ. ಜೊತೆಗೆ ಮುದ್ದೇಬಿಹಾಳದಿಂದ ಅವನ ಸೋದರಮಾವ. ಹುಡುಗನ ಪ್ಯಾಂಟಿನ ಕೆಳತುದಿ ಎಷ್ಟು ಅಗಲವಿತ್ತೆಂದರೆ, "ಅಂಗಳ ಕಸ ಹೊಡಿಯೂದು ಉಳೀತು ಬಿಡು," ಎಂದು ಕಾಕಿ ಒಳಗೆ ಪಿಸುಗುಟ್ಟಿದರು. ಅವಲಕ್ಕಿಯಾಯಿತು. ಶಾಂತಾ ಚಹಾ ತಂದಳು. ಅವನು ನೋಡಿದ, ಅವಳೂ ನೋಡಿದಳು; ಇನ್ನು ಕೇಳುವುದೇನೂ ಇಲ್ಲವೆಂದು ಗೋಡೆಗೂ ತಿಳಿಯುವಂತಿತ್ತು. ಸೋದರಮಾವ ಬಾಯಿ ಒರೆಸಿಕೊಂಡು ಮುಹೂರ್ತದ ಮಾತು ತೆಗೆಯಬೇಕು, ಅಷ್ಟರಲ್ಲಿ ಕಾಕಾ ಅಂದರು: "ಮಾಸ್ತರ, ನಿಮ್ಮ ಪೆಟಿಗಿ ತರ್ರಿ."

ನಾನು ಅವಲಕ್ಕಿಯ ತಾಟು ಕೆಳಗಿಟ್ಟು ಎದ್ದೆ.

ಎರಡೂ ಪ್ಲೇಟು ಹಾಕಿದ್ದಾಯಿತು. "ಯಾವುದು ಚಲೋ ಹೇಳ್ರಿ," ಎಂದರು ಕಾಕಾ. ನಾನು ಅವರ ಬೆನ್ನ ಹಿಂದೆ ನಿಂತು ಒಂದು ಬೆರಳು ಎತ್ತಿ ತೋರಿಸಿದೆ. ಬಸವರಾಜ ನನ್ನ ಬೆರಳು ನೋಡಿದ, ಆಮೇಲೆ ತಲೆಯೆತ್ತಿ ಮಾಳಿಗೆ ನೋಡಿದ.

"ಎರಡನೇದ್ರಿ," ಎಂದ.

"ಯಾಕ?"

"ಮೊದಲಿನದ್ರಾಗ ಬರೇ ಒದರತಾರ್ರಿ. ಇದರಾಗ ಹಾಡೂದು ಕಲ್ತಾರ."

"ಕಲ್ತಿಲ್ಲ. ಮಾರಾಕ ಕುಂತಾರ."

"ಮಾರೂದು ತಪ್ಪೇನ್ರಿ? ನೀವು ಲಿಂಬಿಹಣ್ಣು ಸುಮ್ನ ಹಂಚತೀರೇನು?"

ಅಡುಗೆಮನೆಯಲ್ಲಿ ಯಾರೋ ನಕ್ಕರು. ಕಾಕಿಯ ನಗು ಅದಲ್ಲ.

"ನಾ ಹಣ್ಣು ಮಾರ್ತೇನಿ ತಮ್ಮಾ. ಸಕ್ರಿ ಸವರಿ ಮಾರೂದಿಲ್ಲ. ಆ ಪಿಟೀಲು ಐತೆಲ್ಲ, ಅದು ಸಕ್ರಿ."

"ನಿಮ್ಮ ಮ್ಯಾಳದಾಗ ಮೊದಲ ಬರೇ ದಪ್ಪು ಬಡೀತಿದ್ರಂತ, ತುಂತುಣಿ ಆಮ್ಯಾಲ ಬಂತಂತ. ನಮ್ಮ ಮಾವಾರು ದಾರ್ಯಾಗ ಹೇಳಿದ್ರು. ಆ ತುಂತುಣಿ ಬಾರಿಸಿದವ್ರು ಯಾರ್ರಿ?"

ತೊಡೆ ಒತ್ತುತ್ತಿದ್ದ ಕಾಕಾರ ಹೆಬ್ಬೆರಳು ನಿಂತುಬಿಟ್ಟಿತು. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು. ಎದ್ದು ನಿಂತು, ಸೋದರಮಾವನಿಗೆ ಕೈ ಮುಗಿದು, "ಹುಡುಗ ಚಲೋ ಅದಾನ್ರಿ. ಆದ್ರ, ಕಿವಿ ಇಲ್ಲ. ಕಿವಿ ಇಲ್ಲದಾಂವಗ ಮಗಳನ್ನ ಹೆಂಗ ಕೊಡ್ಲಿ?" ಎಂದರು.

ಬಂದವರು ಹೋದ ಮೇಲೆ ಕಾಕಿ ಹಣೆ ಬಡಿದುಕೊಂಡರು. ಶಾಂತಾ ಅಪ್ಪನೊಂದಿಗೆ ಮಾತು ಬಿಟ್ಟಳು. ತಾಟು ಇಟ್ಟು ಗೋಡೆಯ ಕಡೆ ನೋಡಿ, "ಉಣ್ಣಬೇಕಂತ," ಎನ್ನುವಳು. ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಣ್ಣನ ಪೆಟ್ಟಿಗೆಯಿಂದ ಒಂದು ಹುಡುಗಿಯ ಬಾಳು ಹಾಳಾಗುತ್ತಿದೆಯಲ್ಲ. ಭಾನುವಾರ ಬಾಗೇವಾಡಿಗೆ ಹೋಗಿ ಬಸವರಾಜನ ಕೈ ಹಿಡಿದೆ. ಒಂದೇ ಮಾತು, ಮೊದಲನೆಯದೇ ಚೆನ್ನಾಗಿದೆ ಎಂದುಬಿಡಪ್ಪ ಎಂದೆ.

"ಸರ, ಆಕಿ ಒಳಗ ನಕ್ಕಿದ್ದು ನಾ ಕೇಳೇನಿ," ಎಂದ ಅವನು. "ಈಗ ಮಾತು ತಿರುವಿದ್ರ ಆಕಿ ಮುಂದ ಯಾವ ಮಾರಿ ಇಟಗೊಂಡು ನಿಂದರ್ಲಿ?"

ಒಂದು ಚಿಂತೆ ಒಯ್ದವನು ಎರಡು ತಂದೆ. ಮರಳಿ ಬಂದು ನೋಡಿದರೆ ಕಾಕಾ ನನ್ನ ಕೋಣೆಯಲ್ಲಿ ಎರಡನೆಯ ಪ್ಲೇಟು ಹಾಕಿಕೊಂಡು ಕುಳಿತಿದ್ದರು.

"ಮಾಸ್ತರ, ತುಂತುಣಿ ಮಾತಿಗೆ ಉತ್ತರ ಸಿಕ್ತು ನನಗ."

"ಏನ್ರಿ ಅದು?"

"ನಿಮಗ ಹೇಳಿ ಏನ ಮಾಡ್ಲಿ? ನೀವು ಹೌದ್ರಿ ಅಂತೀರಿ."

"ಹೌದ್ರಿ," ಎಂದೆ.

ಕಾಕಾ ಪ್ಲೇಟು ನಿಲ್ಲಿಸಿದರು. "ಮ್ಯಾಳ ಒಡದಾಗಿಂದ ನನಗ ಒಬ್ಬರೂ ಎದರ ಮಾತಾಡಿಲ್ಲ. ಬಂದಾಂವನ್ನ ನಾನ ಹೊರಗ ಹಾಕಿದೆ."

ಬಾಗಿಲ ಬಳಿ ಬಳೆಯ ಸಪ್ಪಳವಾಯಿತು. ಶಾಂತಾ ಗೋಡೆಯನ್ನಲ್ಲ, ಅಪ್ಪನನ್ನೇ ನೋಡಿ ಅಂದಳು: "ಬಾಗೇವಾಡಿ ಬಸ್ಸು ಮುಂಜಾನಿ ಐತಿ."

ಮರುದಿನ ಸಂಜೆ ಕಾಕಾ ತಿರುಗಿ ಬಂದಾಗ ಅವರ ಮುಖ ಮೇಳ ಗೆದ್ದವರ ಹಾಗಿತ್ತು. "ಆಂವ ಅದಕ್ಕೂ ಉತ್ತರ ಕೊಟ್ಟ, ಮಗಾ!" ಎಂದು ಅಂಗಳದಿಂದಲೇ ಕೂಗಿದರು. ಆಮೇಲೆ ಕಾಕಿಯ ಕಡೆ ತಿರುಗಿ, "ಮಗಳನ್ನ ಕೊಟ್ಟು ಬಂದೇನಿ. ಪ್ಲೇಟು ಬಿಟ್ಟುಕೊಟ್ಟಿಲ್ಲ," ಎಂದರು.

ಮದುವೆಗೆ ನಾನು ಆ ಪೆಟ್ಟಿಗೆಯನ್ನೇ ಉಡುಗೊರೆ ಕೊಟ್ಟು ಹಗುರಾದೆ. ಪಂಚಮಿಗೆ, ದೀಪಾವಳಿಗೆ ಅಳಿಯ ಬಂದರೆ ಮಾವನಿಗೆ ಹಬ್ಬ. ಕಾಕಿ ಹೋಳಿಗೆಯ ತಾಟು ಹಿಡಿದು ನಿಂತೇ ಇರುತ್ತಿದ್ದರು; ಜಗಳ ಪಿಟೀಲಿನಿಂದ ಗಂಟೆಗೆ ಬಂದಿರುತ್ತಿತ್ತು.

ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಆ ದಶಕದ ಕೊನೆಗೆ ಕಾಕಾ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಮಂಚದ ಮೇಲೆ ಅವರು ಕೌದಿಯ ಒಂದು ಮಡಿಕೆಯಷ್ಟೇ ಆಗಿದ್ದರು. ಪಕ್ಕದಲ್ಲಿ ಬಸವರಾಜ, ಕಾಲ ಬಳಿ ಶಾಂತಾ. ಬಸವರಾಜ ಬಗ್ಗಿ ಮೆಲ್ಲಗೆ ಅಂದ: "ಮಾವಾರ, ನಾ ಭಾಳ ವಿಚಾರ ಮಾಡಿದೆ. ನೀವು ಅಂದದ್ದ ಖರೆ. ಮೊದಲಿಂದು ಚಲೋ ಐತಿ."

ಕಾಕಾ ಕಣ್ಣು ತೆರೆದರು. ಸಂತೋಷಪಟ್ಟಾರೆಂದು ನಾನು ಕಾದೆ.

"ಯಾಕ?" ಎಂದರು. "ಡಾಕ್ಟರು ಏನರ ಅಂದ್ರೇನು?"

ಬಸವರಾಜ ಕಿಟಕಿಯ ಕಡೆ ತಿರುಗಿದ. ಕಾಕಾ ಮಗಳಿಗೆ ಸನ್ನೆ ಮಾಡಿ, ಬೆನ್ನಿಗೆ ದಿಂಬು ಕೊಡಿಸಿಕೊಂಡು ಎದ್ದು ಕುಳಿತರು.

"ಹಂಗಾರ ಇವತ್ತಿಂದ ನಾ ಎರಡನೇದಕ್ಕ. ಕೂಡ್ರು ಇಲ್ಲೆ. ಆ ನಾಕ ಮಂದಿ ಮೊದಲ ತಮ್ಮ ಹೊಟ್ಟಿಗೆ ಒದರಿದ್ರು. ಆಮ್ಯಾಲ ಪಿಟೀಲಿನವ್ರನ್ನ ಕರದ್ರು, ಗಂಟಿಯವನ್ನ ಕರದ್ರು. ಎಷ್ಟು ಮನಿ ಒಲಿ ಹೊತ್ತಿದ್ವು. ಇದಕ್ಕೇನಂತಿ?"

ಅಳಿಯ ಏನೋ ಗೊಣಗಿದ.

"ಜೋರ ಮಾತಾಡೋ. ಪಿಟೀಲಿನಂಗ ಕುಂಯ್ ಅನಬ್ಯಾಡ."

"ಒಲಿ ಹೊತ್ತಿದ್ರ ಹಾಡು ಚಲೋ ಆಗ್ತೈತೇನ್ರಿ?" ಎಂದ ಬಸವರಾಜ, ಸ್ವಲ್ಪ ಜೋರಾಗಿ. ಅಲ್ಲಿಂದ ಏರಿತು. ಕಾಕಿ ಗಂಜಿ ತಂದು ನಿಂತೇ ಇದ್ದರು. ನಾನು ಹೊರಟದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕೆಲವು ದಿನಗಳಲ್ಲಿ ಕಾಕಾ ಹೋದರು. ಬಹಳ ಕಾಲದ ಮೇಲೆ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಬಸವರಾಜ ಸಿಕ್ಕ. ಪ್ಯಾಂಟಿನ ಅಗಲ ಇಳಿದಿತ್ತು, ಹೊಟ್ಟೆಯದು ಏರಿತ್ತು. ಈಗ ಯಾವ ಪಕ್ಷವಪ್ಪ ಎಂದು ಕೇಳಿದೆ.

"ಮೊದಲಿಂದು ರೀ ಸರ. ಮಾವಾರು ನಡುವ ಎದ್ದು ಹ್ವಾದ್ರು, ಆಟ ಮುಗಿದಿಲ್ಲ. ಪಕ್ಷ ಹೆಂಗ ಬಿಡ್ಲಿ?" ಎಂದ. ಬಸ್ಸಿನ ಮೆಟ್ಟಿಲೇರಿ, ತಿರುಗಿ, ದನಿ ತಗ್ಗಿಸಿ ಅಂದ: "ಎದರ ಶಾಂತಾ ನಿಂತಾಳ್ರಿ. ಎರಡನೇದಕ್ಕ. ಅವರಪ್ಪಗಿಂತ ಬಿರುಸು ಅದಾಳ."